ಐದು ಸೆಂಟಿನ ಉಳಿತಾಯ, ಐದು ಬೆರಳಿನ ಅಡಮಾನ

"ಮಾಮ, ಒಂದೇ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್ ಬಂದ್ಬಿಡತ್ತೆ!"

ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡುತ್ತಲೇ ತಲೆ ನರೆತವನು ನಾನು. ಈ ಮಾತು ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಎಚ್ಚರವಾಗುತ್ತದೆ. ಕೋಳಿ ಫಾರಂ ಹಾಕುವವನೂ ಹೀಗೇ ಹೇಳಿದ್ದ, ಝೆರಾಕ್ಸ್ ಅಂಗಡಿಯವನೂ ಹೀಗೇ ಹೇಳಿದ್ದ. ಈ ಸಲ ಹೇಳಿದವನು ನನ್ನ ತಂಗಿಯ ಮಗ. ಜಾಗ: ಟೆಕ್ಸಾಸಿನ ಅವನ ಮನೆಯ ಗ್ಯಾರೇಜು, 2024ರಲ್ಲಿ. ಯೋಜನೆ: ಹಾರಿಸಿದ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬುವುದು. ಅಲ್ಲಿ ಇದಕ್ಕೆ ರೀಲೋಡಿಂಗ್ ಅನ್ನುತ್ತಾರೆ. ಸ್ವಂತ ಬಳಕೆಗೆ ತುಂಬಿಕೊಳ್ಳಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ, ಮಾರುವ ವ್ಯಾಪಾರಕ್ಕಾದರೆ ಬೇಕು. ಹುಡುಗ ಗ್ರೀನ್ ಕಾರ್ಡ್ ಆದವನು, ಅವನಿಗೆ ತೊಂದರೆಯಿಲ್ಲ. ಪ್ರವಾಸಿ ವೀಸಾದಲ್ಲಿ ಹೋದ ನಾನು ಕೈಕಟ್ಟಿ ನಿಂತು ನೋಡಿದೆ.

ಕೆಲಸ ನೋಡಲು ಚೆಂದವೇ. ತೋಟಾದಲ್ಲಿ ನಾಲ್ಕು ಭಾಗ. ಹಿತ್ತಾಳೆ ಚಿಪ್ಪು, ತಳದಲ್ಲಿ ಪ್ರೈಮರ್ (ನಮ್ಮ ಮಲೆನಾಡಿನ ಭಾಷೆಯಲ್ಲಿ ಕೇಪು ಅನ್ನಿ), ಒಳಗೆ ಮದ್ದು, ಮೇಲೆ ಗುಂಡು. ಹಾರಿಸಿದ ಮೇಲೆ ಉಳಿಯುವುದು ಚಿಪ್ಪು ಮಾತ್ರ. ಅದನ್ನು ತೊಳೆದು, ಅಚ್ಚಿಗೆ ಒತ್ತಿ ಹಳೆಯ ಅಳತೆಗೆ ತಂದು, ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಕೂರಿಸಬೇಕು.

ಇನ್ನು ಲೆಕ್ಕಕ್ಕೆ ಬರೋಣ. ಅವನ ಬಿಲ್ಲುಗಳನ್ನೇ ಎದುರಿಗಿಟ್ಟುಕೊಂಡು ಕೂತೆ. 9 ಎಂಎಂ ಪಿಸ್ತೂಲಿನ ತೋಟಾ ಅಂಗಡಿಯಲ್ಲಿ 25 ಸೆಂಟ್. ಮನೆಯಲ್ಲಿ ತುಂಬಿದರೆ ಕೇಪು 7 ಸೆಂಟ್, ಗುಂಡು 10 ಸೆಂಟ್. ಮದ್ದಿನ ಡಬ್ಬಿ ಒಂದು ಪೌಂಡಿಗೆ 40 ಡಾಲರ್. ಪೌಂಡಿಗೆ 7000 ಗ್ರೇನ್, ತೋಟಾಕ್ಕೆ ಸುಮಾರು 5 ಗ್ರೇನ್ ಅಂದರೂ 1400 ತೋಟಾ, ಅಂದರೆ ಒಂದಕ್ಕೆ 3 ಸೆಂಟ್. (ಇದು ಖರ್ಚಿನ ಲೆಕ್ಕ ಸ್ವಾಮೀ, ಮದ್ದಿನ ಅಳತೆಯಲ್ಲ.) ಚಿಪ್ಪು ಬಿಟ್ಟಿ. ಒಟ್ಟು 20 ಸೆಂಟ್. ಉಳಿತಾಯ 5 ಸೆಂಟ್.

ಸಲಕರಣೆಗೆ ಅವನು ಹಾಕಿದ್ದು 300 ಡಾಲರ್. ಅದು ಹುಟ್ಟಬೇಕಾದರೆ 6000 ತೋಟಾ ತುಂಬಬೇಕು. ಅವನು ಹಾರಿಸುವುದು ತಿಂಗಳಿಗೆ 100. ಅಂದರೆ ಐದು ವರ್ಷ! ಬಡ್ಡಿ ಹಿಡಿದಿಲ್ಲ, ಸವಕಳಿ ಹಿಡಿದಿಲ್ಲ. ಗಂಟೆಗೆ 50ರಂತೆ ತುಂಬಿದರೆ 100ಕ್ಕೆ ಎರಡು ಗಂಟೆ, ಉಳಿದದ್ದು 5 ಡಾಲರ್. ಗಂಟೆಗೆ ಎರಡೂವರೆ ಡಾಲರ್ ಕೂಲಿ. ಅಮೆರಿಕದ ಕೇಂದ್ರ ಕನಿಷ್ಠ ಕೂಲಿಯೇ 2009ರಿಂದ 7.25 ಡಾಲರ್!

ರೈಫಲ್‌ನ ದುಬಾರಿ ತೋಟಾ ಹಾರಿಸುವವರಿಗೆ, ಅಂಗಡಿಯಲ್ಲಿ ಸಿಗದ ಹಳೆಯ ಅಳತೆಯ ಬಂದೂಕು ಇಟ್ಟುಕೊಂಡವರಿಗೆ ಉಳಿತಾಯ ನಿಜ, ಒಪ್ಪುತ್ತೇನೆ. ಅದು ಸಂತೋಷದ ಹವ್ಯಾಸ ಅನ್ನಿ, ಅದನ್ನೂ ಒಪ್ಪುತ್ತೇನೆ. ಆದರೆ "ನಾಳೆ ಅಂಗಡಿಯಲ್ಲಿ ತೋಟಾ ಸಿಗದಿದ್ದರೆ?" ಎಂಬ ವಾದ ಮಾತ್ರ ನಿಲ್ಲುವುದಿಲ್ಲ. 2020ರ ನಂತರ ಅಲ್ಲಿ ತೋಟಾಕ್ಕೆ ಬರ ಬಂದಾಗ ಕೇಪಿಗೂ ಬರ ಬಂದಿತ್ತು. ಕೇಪನ್ನು ಮನೆಯಲ್ಲಿ ಮಾಡಲು ಬರುತ್ತದೆಯೇ?

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನನ್ನ ಸಿಟ್ಟು 'ಬಜೆಟ್' ಎಂಬ ಮಾತಿನ ಮೇಲೆ. ಹುಡುಗ ಒತ್ತುವ ಯಂತ್ರ ಒಳ್ಳೆಯದೇ ತಂದಿದ್ದ, ಹೊಳೆಯುವ ಅಚ್ಚುಗಳನ್ನೂ ತಂದಿದ್ದ. ಉಳಿತಾಯ ಮಾಡಿದ್ದು ಎಲ್ಲಿ ಗೊತ್ತೆ? ತಕ್ಕಡಿಯಲ್ಲಿ! ಒಂದು ಗ್ರೇನ್ ಅಂದರೆ ಗುಲಗಂಜಿಯ ಹೆಚ್ಚುಕಡಿಮೆ ಅರ್ಧ. ಚಿನ್ನದ ಸಾಲ ಕೊಡುವಾಗ ಅಷ್ಟು ತೂಕಕ್ಕೆ ನಾವು ಚಿನಿವಾರರನ್ನು ಕೂರಿಸುತ್ತೇವೆ. ಇವನು ಸಂತೆಯ ಆಟಿಗೆಯಂಥ ತಕ್ಕಡಿ ನಂಬಿ ಕೂತಿದ್ದ. ಮಧ್ಯೆ ಮಧ್ಯೆ ಫೋನು ಬೇರೆ.

ನಾನು ಹೋಗುವ ಎರಡು ತಿಂಗಳ ಮುಂಚೆ ಶೂಟಿಂಗ್ ರೇಂಜಿನಲ್ಲಿ ಇವನ ಒಂದು ತೋಟಾ 'ಢಂ' ಅನ್ನುವ ಬದಲು 'ಟುಸ್' ಅಂದಿತಂತೆ. ಇವನು ಮುಂದಿನದನ್ನು ಒತ್ತುವಷ್ಟರಲ್ಲಿ ಮೇಲ್ವಿಚಾರಕ ಕೂಗಿ ತಡೆದರಂತೆ. ಬಿಚ್ಚಿ ನೋಡಿದರೆ ಗುಂಡು ನಳಿಗೆಯ ಮಧ್ಯೆಯೇ ಸಿಕ್ಕಿಕೊಂಡಿತ್ತು. ಮದ್ದು ಹಾಕುವುದನ್ನೇ ಮರೆತಿದ್ದ, ಕೇಪಿನ ಶಕ್ತಿ ಅಷ್ಟು ದೂರ ಮಾತ್ರ ತಳ್ಳಿತ್ತು. ಅದರ ಹಿಂದೆ ಇನ್ನೊಂದು ಗುಂಡು ಹೋಗಿದ್ದರೆ ನಳಿಗೆ ಕೈಯಲ್ಲೇ ಸಿಡಿಯುತ್ತಿತ್ತು. ಇದನ್ನು ಅವನು ನಗುತ್ತಾ ಹೇಳಿದ. ನನ್ನ ತಂಗಿಗೆ ಇವತ್ತಿಗೂ ಗೊತ್ತಿಲ್ಲ...

ಎರಡು ಸಲ ಮದ್ದು ಹಾಕಿದರೆ ಇನ್ನೂ ಅಪಾಯ. ಪಿಸ್ತೂಲಿನ ಎಷ್ಟೋ ಬಗೆಯ ಮದ್ದು ಚಿಪ್ಪಿನ ಅರ್ಧವೂ ತುಂಬುವುದಿಲ್ಲ, ಎರಡು ಪಾಲು ಬಿದ್ದರೂ ಹೊರಗೆ ಚೆಲ್ಲುವುದಿಲ್ಲ. ನಮ್ಮ ದೊಡ್ಡಪ್ಪ ಕೇಪಿನ ಕೋವಿಗೆ ಅಂದಾಜಿನಲ್ಲೇ ಮದ್ದು, ತೆಂಗಿನ ನಾರು, ಚರೆ ಹಾಕಿ ಜಡಿಯುತ್ತಿದ್ದರು. ಆ ಕರಿಮದ್ದಿಗೆ ನಡೆದ ಅಂದಾಜು ಈಗಿನ ಹೊಗೆಯಿಲ್ಲದ ಮದ್ದಿಗೆ ನಡೆಯುವುದಿಲ್ಲ.

ಬ್ಯಾಂಕಿನಲ್ಲಿ ಮೇಕರ್, ಚೆಕರ್ ಅಂತ ಇಬ್ಬರು ಇರುತ್ತಾರೆ. ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡದೆ ದುಡ್ಡು ಹೊರಡುವುದಿಲ್ಲ. ಗ್ಯಾರೇಜಿನಲ್ಲಿ ಇರುವವನು ಒಬ್ಬನೇ. ಹಾಗಾಗಿ ಅವನೇ ಎರಡು ಸಲ ಕೆಲಸ ಮಾಡಬೇಕು. ಐವತ್ತು ಚಿಪ್ಪು ಸಾಲಾಗಿ ನಿಲ್ಲಿಸಿ ಮದ್ದು ಹಾಕು, ಆಮೇಲೆ ಟಾರ್ಚ್ ಬಿಟ್ಟು ಒಂದೊಂದನ್ನೂ ಇಣುಕಿ ನೋಡು, ಆಮೇಲೆ ಗುಂಡು ಕೂರಿಸು. ದುಡ್ಡಿಲ್ಲವೇ? ಚಿಪ್ಪು ತಿಕ್ಕುವ ಯಂತ್ರ ಬಿಡು, ನೀರಲ್ಲಿ ತೊಳೆ. ವೇಗದ ಯಂತ್ರ ಬಿಡು, ಒಂದೊಂದೇ ಒತ್ತು. ಆದರೆ ತಕ್ಕಡಿ, ಅದನ್ನು ಪರೀಕ್ಷಿಸುವ ತೂಕದ ಬಟ್ಟು, ಉದ್ದ ಅಳೆಯುವ ಕ್ಯಾಲಿಪರ್, ಅಚ್ಚಾದ ಕೈಪಿಡಿ, ಕಣ್ಣಿಗೆ ಕನ್ನಡಕ: ಈ ಐದರಲ್ಲಿ ಬಿಡಿಗಾಸೂ ಉಳಿಸಬೇಡ. ಕೈಪಿಡಿಯ ಕಡಿಮೆ ಅಳತೆಯಿಂದಲೇ ಶುರುಮಾಡು. ಕೇಪಿನಲ್ಲಿ ಸೀಸ ಇರುತ್ತದೆ, ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬೇಡ.

ಮುಂಬಯಿಯ ನಮ್ಮವರಿಗೂ ಒಂದು ಮಾತು. ಇಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಆಯುಧ ಕಾಯ್ದೆಯಲ್ಲಿ ಅಪರಾಧ, 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ ಜೈಲು. ಮಗನ ಮನೆಯಿಂದ ಬರುವಾಗ ನೆನಪಿಗೆಂದು ಖಾಲಿ ಚಿಪ್ಪನ್ನೂ ಸೂಟ್‌ಕೇಸಿಗೆ ಹಾಕಿಕೊಳ್ಳಬೇಡಿ, ವಿಮಾನ ನಿಲ್ದಾಣದಲ್ಲಿ ಉತ್ತರ ಹೇಳುತ್ತಾ ಕೂರಬೇಕಾಗುತ್ತದೆ.

ಹೊರಡುವ ಹಿಂದಿನ ದಿನ ಹುಡುಗನನ್ನು ಕರೆದುಕೊಂಡು ಹೋಗಿ ಒಳ್ಳೆಯ ತಕ್ಕಡಿಗೆ ನಾನೇ ದುಡ್ಡು ಕೊಟ್ಟೆ. "ಮಾಮ, ಬಜೆಟ್ ಮೀರಿತಲ್ಲ" ಅಂದ.

"ಮೀರಲಿ ಬಿಡೋ. ಇದು ಖರ್ಚಲ್ಲ, ಇನ್ಶೂರೆನ್ಸ್ ಪ್ರೀಮಿಯಂ" ಅಂದೆ.