ಪದವಿನ ಹೂವುಗಳೂ ಶಾಲೆಯ ಮಕ್ಕಳೂ

ಮಳೆಗಾಲದ ಭಾನುವಾರಗಳಲ್ಲಿ ಬಲ್ಲವರೊಡನೆ ಗುಡ್ಡವೇರಿ ಕಾಡುಹೂವುಗಳ ಗುರುತು ಕಲಿಯುವ ರೂಢಿಯು ಈಚೆಗೆ ನಮ್ಮ ನಾಡಿನಲ್ಲಿ ಅಲ್ಲಲ್ಲಿ ಹಬ್ಬುತ್ತಿರುವುದು ಸಂತೋಷದ ಸಂಗತಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಪ್ರತಿಯೊಂದು ಶಾಲೆಯೂ ಇದನ್ನು ಕೈಗೊಳ್ಳಬೇಕೆಂದೂ, ಆ ಪಾಠವು ಊರಿನ ಹೆಸರುಗಳಿಂದಲೇ ಆರಂಭವಾಗಬೇಕೆಂದೂ ನಮ್ಮ ಅಭಿಮತ.

ಇದು ಬರಿಯ ವಿನೋದವೆಂದು ತಿಳಿದವರು ಗೌರಿಹೂವನ್ನು ನೆನೆಯಲಿ. ಎಲೆಯ ತುದಿಯೇ ಸುರುಳಿಗೊಂಡು ಬೇಲಿಯನ್ನು ಹಿಡಿಯುವುದನ್ನೂ, ಹಳದಿಯಾಗಿ ಅರಳಿದ ಆರು ಎಸಳುಗಳು ದಿನ ಕಳೆದಂತೆ ಕೆಂಪೇರುವುದನ್ನೂ ಒಮ್ಮೆ ಕಂಡ ಮಕ್ಕಳು ಮರೆಯಲಾರರು. ಅದರ ಗೆಡ್ಡೆಯಾದರೋ ಪ್ರಾಣಾಂತಕ ವಿಷ. ಆಟಿ ಅಮಾವಾಸ್ಯೆಯ ಕಷಾಯಕ್ಕೆ ಪಾಲೆಯ ತೊಗಟೆಯೆಂದು ಕಾಸರಕನ ತೊಗಟೆಯನ್ನು ತಂದರೆ ಏನಾಗುವುದೆಂದು ತುಳುನಾಡಿನವರಿಗೆ ನಾವು ಹೇಳಬೇಕಾದುದಿಲ್ಲ. ಗುರುತು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಅಮೆರಿಕಾ ಖಂಡದಿಂದ ಬಂದು ಗುಡ್ಡಗಳನ್ನು ಮುಚ್ಚಿದ ಕಮ್ಯುನಿಸ್ಟ್ ಗಿಡದ ಹೆಸರು ಮಕ್ಕಳಿಗೆ ಗೊತ್ತು. ಅದರ ಅಡಿಯಲ್ಲಿ ಉಸಿರು ಕಟ್ಟಿದ ನೆಕ್ಕರೆಯ ಹೆಸರು ಗೊತ್ತಿಲ್ಲ!

ಲ್ಯಾಟಿನ್ ಹೆಸರಿಲ್ಲದೆ ಶಾಸ್ತ್ರವಿಲ್ಲವೆಂದು ಕೆಲವು ಉಪಾಧ್ಯಾಯರು ಹೇಳುವುದುಂಟು. ಅದು ಅರ್ಧಸತ್ಯ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೊರ್ತುಸ್ ಮಲಬಾರಿಕುಸ್’ ಗ್ರಂಥವು ಡಚ್ಚರ ಅಧಿಕಾರಿ ವಾನ್ ರೀಡೆಯ ಹೆಸರಿನಲ್ಲಿರುವುದಾದರೂ, ಗಿಡಗಳ ಹೆಸರನ್ನೂ ಗುಣವನ್ನೂ ತಿಳಿಸಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲೆಯಾಳದ ವೈದ್ಯರು, ಮತ್ತು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರೆಂಬ ಮೂವರು ಕೊಂಕಣಿಗರು. ಮುಂದೆ ಲಿನೇಯಸ್ ಪಂಡಿತನು ಆ ಗ್ರಂಥವನ್ನೇ ಆಧಾರವಾಗಿಟ್ಟುಕೊಂಡು ನಮ್ಮ ಕರಾವಳಿಯ ಎಷ್ಟೋ ಗಿಡಗಳಿಗೆ ಲ್ಯಾಟಿನ್ ನಾಮಕರಣ ಮಾಡಿದನು. ಶಾಸ್ತ್ರವು ಹಳ್ಳಿಯ ಬಾಯಿಂದಲೇ ಹೊರಟಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನಮ್ಮ ಜಿಲ್ಲೆಗೂ ಆಧಾರಗ್ರಂಥವಿಲ್ಲದಿಲ್ಲ. ಉಡುಪಿಯ ವಿದ್ವಾಂಸರಾದ ಕೆ. ಗೋಪಾಲಕೃಷ್ಣ ಭಟ್ಟರು 2014ರಲ್ಲಿ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಸಸ್ಯಗಳ ಕುರಿತು ಬೃಹದ್ಗ್ರಂಥವನ್ನೇ ಹೊರತಂದಿದ್ದಾರೆ; ಅದು ಇಂಗ್ಲಿಷಿನಲ್ಲಿದೆ. ಉಪಾಧ್ಯಾಯರು ಅದನ್ನು ಕೈಯಲ್ಲಿ ಹಿಡಿದು, ಊರಿನ ನಾಟಿವೈದ್ಯರನ್ನೋ ಸೊಪ್ಪು ಕೊಯ್ಯುವ ಅಜ್ಜಿಯನ್ನೋ ಮುಂದೆ ನಡೆಯಿಸಿ, ತಾವು ಹಿಂದೆ ನಡೆಯಲಿ. ತುಳುವಿನ ಹೆಸರು, ಕನ್ನಡದ ಹೆಸರು, ಕೊನೆಗೆ ಲ್ಯಾಟಿನ್ ಹೆಸರು, ಇದೇ ಕ್ರಮ. ಹೂವನ್ನು ನೋಡತಕ್ಕದ್ದು, ಕೀಳತಕ್ಕದ್ದಲ್ಲ.

ಮುರಕಲ್ಲಿನ ಪದವುಗಳನ್ನು ಬಂಜರೆಂದು ಬಗೆದು ಕಲ್ಲುಕೋರೆಗೆ ಬಿಟ್ಟುಕೊಡುವವರು ಅನೇಕರು. ಆಟಿ ಸೋಣ ತಿಂಗಳುಗಳಲ್ಲಿ ಅದೇ ಬಂಡೆಯ ತೆಳುನೀರಿನಲ್ಲಿ ಬೆರಳುದ್ದದ ಗಿಡವೊಂದು ನೀಲಿ ಹೂ ತಳೆದು, ಮಣ್ಣಿನೊಳಗೆ ಸಾಸಿವೆಗಿಂತಲೂ ಕಿರಿದಾದ ಚೀಲಗಳಿಂದ ಸೂಕ್ಷ್ಮಜೀವಿಗಳನ್ನು ಹಿಡಿದು ಜೀರ್ಣಿಸಿಕೊಳ್ಳುತ್ತದೆಂಬುದನ್ನು ಅವರು ಬಲ್ಲರೇ? ಹೆಸರೇ ತಿಳಿಯದ ವಸ್ತುವನ್ನು ಕಳಕೊಂಡ ಊರು ಯಾರಲ್ಲಿ ದೂರು ಕೊಟ್ಟೀತು?

ಚೌತಿಯ ಹಿಂದುಮುಂದಿನ ವಾರಗಳು ಇದಕ್ಕೆ ತಕ್ಕ ಕಾಲ. ಶಾಲೆಗಳ ಮುಖ್ಯೋಪಾಧ್ಯಾಯರು ಈಗಲೇ ದಿನ ಗೊತ್ತುಮಾಡಲಿ. ದೀಪಾವಳಿಯ ತನಕ ತಡೆದರೆ ಪದವು ಒಣಗಿಹೋಗುತ್ತದೆ.