ಹೆಣ್ಣುಮಕ್ಕಳಿಗೆ ಮಾತೂ ಲೆಕ್ಕವೂ

ನಮ್ಮ ಪಾಠಶಾಲೆಯಲ್ಲಿ ವಾರಕ್ಕೊಮ್ಮೆ ಭಾಷಣದ ಅಭ್ಯಾಸವೂ ಹಣಕಾಸಿನ ಪಾಠವೂ ಒಂದೇ ತರಗತಿಯಲ್ಲಿ ನಡೆಯುತ್ತವೆ. ಹೆಣ್ಣುಮಕ್ಕಳಿಗೆ ಇವೇಕೆಂದು ತಂದೆತಾಯಿಗಳಲ್ಲಿ ಕೆಲವರು ಕೇಳಿದ್ದುಂಟು. ಉತ್ತರ ಹೇಳುವುದು ನನ್ನ ಕರ್ತವ್ಯವಾಗಿದೆ.

ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕಾಣಬಂದಳು. ಗಣಿತದಲ್ಲಿ ಆಕೆಯೇ ತರಗತಿಗೆ ಮೊದಲಿಗಳಾಗಿದ್ದಳು. ಆದರೂ ಬಂಧುವೊಬ್ಬರ ಸಾಲಕ್ಕೆ ಜಾಮೀನಾಗಿ ರುಜು ಹಾಕಿ, ಕಡೆಗೆ ಒಡವೆಗಳನ್ನು ಮಾರಿ ತೀರಿಸಿದ್ದಳು. “ಬಡ್ಡಿ ಹೆಚ್ಚೆಂದು ತಿಳಿಯಲಿಲ್ಲವೇ, ಮಗಳೇ?” ಎಂದೆನು. “ತಿಳಿದಿತ್ತು, ಟೀಚರಮ್ಮ, ಕೇಳಲು ಬಾಯಿ ಬರಲಿಲ್ಲ” ಎಂದಳು. ಲೆಕ್ಕ ಕಲಿಸಿದ ನಾವು ಮಾತು ಕಲಿಸಿರಲಿಲ್ಲ.

ಹತ್ತು ವರ್ಷ ತುಂಬಿದ ಬಾಲಿಕೆಯು ಅಂಚೆ ಕಚೇರಿಯ ಉಳಿತಾಯ ಖಾತೆಯನ್ನು ತಾನೇ ನಡೆಸಬಹುದು. ನಮ್ಮ ಗ್ರಾಮ ಪಂಚಾಯತಿಗಳಲ್ಲಿ 1993ರ ಕಾಯಿದೆಯಿಂದ ಸ್ತ್ರೀಯರಿಗೆ ದೊರೆತ ಮೂರರಲ್ಲೊಂದು ಪಾಲು ಈಗ ಅರ್ಧವಾಗಿದೆ. ಆದರೆ ಖಾತೆಯ ಪುಸ್ತಕವು ತಂದೆಯ ಪೆಟ್ಟಿಗೆಯಲ್ಲಿಯೂ ಸಭೆಯ ಮಾತು ಗಂಡನ ಬಾಯಲ್ಲಿಯೂ ಉಳಿದರೆ ಈ ಹಕ್ಕುಗಳಿಂದ ಫಲವೇನು?

ಆದಕಾರಣ ನಮ್ಮ ತರಗತಿಯಲ್ಲಿ ಪ್ರತಿಯೊಬ್ಬಳೂ ತನ್ನ ತಿಂಗಳ ಜಮಾಖರ್ಚನ್ನು ಎದ್ದು ನಿಂತು ಓದುವಳು, ಇತರರು ಪ್ರಶ್ನಿಸುವರು, ಆಕೆ ಸಮಾಧಾನ ಹೇಳುವಳು. ಇದನ್ನು ಉದ್ಧಟತನವೆಂದು ಎಣಿಸಬಾರದು. ವಿನಯದಿಂದ ಕೇಳಿ ತಿಳಿಯುವುದೂ ಸುಶಿಕ್ಷಣವೇ.

ಹಳೆಯ ವಿದ್ಯಾರ್ಥಿನಿಯರೇ, ಬ್ಯಾಂಕು, ಪಂಚಾಯತಿಗಳಲ್ಲಿ ನಿಮಗಾದ ಅನುಭವವನ್ನು ನಮ್ಮ ಬಾಲಿಕೆಯರಿಗೆ ಬಂದು ತಿಳಿಸಿರಿ. ತಂದೆತಾಯಿಗಳೇ, ಈ ತಿಂಗಳು ಮನೆಯ ಖರ್ಚಿನ ಪುಸ್ತಕವನ್ನು ಮಗಳ ಕೈಗೆ ಕೊಡಿರಿ. ಆಕೆ ಪ್ರಶ್ನಿಸಿದರೆ ಕೋಪಿಸದೆ ಉತ್ತರ ಕೊಡಿರಿ. ಮನೆಯಲ್ಲಿ ಕೇಳಲು ಕಲಿತವಳು ಹೊರಗೆ ಸುಲಭವಾಗಿ ಮೋಸಹೋಗಳು.