ನನ್ನ ಅಮ್ಮನನ್ನು ಹೊಗಳಬೇಡಿ

ಸಾಕು, ನಿಲ್ಲಿಸಿ. ಅಮ್ಮನನ್ನು ಮಣ್ಣು ಮಾಡಿದ ದಿನದಿಂದ ನಿಮ್ಮ ಹೊಗಳಿಕೆ ಕೇಳಿ ಕೇಳಿ ನನ್ನ ಹೊಟ್ಟೆ ಉರಿಯುತ್ತಿದೆ. ಮರಣದ ಪೂಜೆಯಲ್ಲಿ ಪಾದ್ರಿಗಳು ಹೊಗಳಿದರು, ವಾರ್ಡಿನ ಮುಖ್ಯಸ್ಥ ಗುರ್ಕಾರರು ಹೊಗಳಿದರು, ಏಳನೇ ದಿನದ ಊಟಕ್ಕೆ ಬಂದವರು ಕೈ ತೊಳೆಯುತ್ತಾ ಹೊಗಳಿದರು. ಎಂಟು ಹೆತ್ತ ಪುಣ್ಯವತಿಯಂತೆ. ಒಂದು ಭಾನುವಾರ ಪೂಜೆ ತಪ್ಪಿಸಿದವಳಲ್ಲವಂತೆ. ಗಂಡನಿಗೆ ಎದುರಾಡಿದವಳಲ್ಲವಂತೆ. ಎಂಬತ್ತೇಳು ವರ್ಷ ಬದುಕಿದ ಆ ಹೆಂಗಸಿನ ಹೆಸರಿನಲ್ಲಿ ಒಂದು ಸೆಂಟ್ಸ್ ಜಾಗವೂ ಇರಲಿಲ್ಲ ಎಂದು ಮಾತ್ರ ಒಬ್ಬರೂ ಬಾಯಿಬಿಡಲಿಲ್ಲ.

ಹೊಗಳಿ ಹೊಗಳಿಯೇ ನೀವು ಅವಳನ್ನು ದೋಚಿದ್ದು.

ಬೆಳ್ತಂಗಡಿ ಕಡೆಯ ಒಂದು ಬೈಲಿಗೆ ಹತ್ತೊಂಬತ್ತರ ಪ್ರಾಯದಲ್ಲಿ ಕೈಹಿಡಿದು ಬಂದವಳು ಅವಳು. ಗದ್ದೆ ನಮ್ಮದಲ್ಲ, ಗೇಣಿಯದ್ದು. ಧನಿ ನಮ್ಮ ಇಗರ್ಜಿಯವರೇ, ಮುಂದಿನ ಬೆಂಚಿನವರು. ನಾವು ಹಿಂದಿನ ಬಾಗಿಲಿನ ಹತ್ತಿರದವರು. ಮಳೆಗಾಲದ ಏಣಿಲು ಬೆಳೆಗೆ ಗೊರಬೆ ಹೊತ್ತು ಮೊಣಕಾಲು ಮುಳುಗುವ ಕೆಸರಲ್ಲಿ ನೇಜಿ ನೆಟ್ಟಳು, ಕಳೆ ಕಿತ್ತಳು, ಕೊಯ್ದಳು, ಹೊತ್ತಳು, ಬಡಿದಳು, ಭತ್ತ ಬೇಯಿಸಿ ಕುಟ್ಟಿದಳು. ಆ ಅಕ್ಕಿ ಮುಡಿ ಕಟ್ಟಿ ಧನಿಯ ಮನೆಗೆ ಹೋಯಿತು. ನಮಗೆ ಗಂಜಿ ತಿಳಿ. ರಾತ್ರಿ ತೇರ್ಸ್, ಜಪಮಾಲೆ, ಮುಗಿದು ನಾವೆಲ್ಲ ಮಲಗಿದ ಮೇಲೆ ಚಿಮಿಣಿ ದೀಪದ ಮುಂದೆ ಬೀಡಿ ಕಟ್ಟುವ ಸೂಪು ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು. ನಮ್ಮ ಶಾಲೆಯ ಫೀಸು ಆ ಬೀಡಿಯದ್ದು.

1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಎಂದು ಊರೂರಲ್ಲಿ ಕೂಗಿದರು. ದಕ್ಷಿಣ ಕನ್ನಡದ ಗೇಣಿದಾರರ ಬದುಕನ್ನು ಆ ಕಾನೂನು ತಿರುಗಿಸಿಟ್ಟಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದಿಲ್ಲದಿದ್ದರೆ ನನ್ನ ಓದು ಮುಂದುವರಿಯುತ್ತಿರಲಿಲ್ಲ. ಆದರೆ 7ನೇ ನಂಬರ್ ಫಾರಂ ತುಂಬಿದ್ದು ಅಪ್ಪನ ಹೆಸರಲ್ಲಿ. ಭೂ ನ್ಯಾಯಮಂಡಳಿಯ ಮುಂದೆ ನಿಂತದ್ದು ಅಪ್ಪ. ಪಹಣಿಯಲ್ಲಿ ಕೂತದ್ದು ಅಪ್ಪ. ಆಚೆ ಮನೆಯಲ್ಲೂ ಹಾಗೆ, ಈಚೆ ಮನೆಯಲ್ಲೂ ಹಾಗೆ. ನೇಗಿಲು ಹಿಡಿದ ಕೈ ಸರ್ಕಾರದ ಕಣ್ಣಿಗೆ ಬಿತ್ತು. ವರ್ಷವಿಡೀ ಅದೇ ಗದ್ದೆಯಲ್ಲಿ ಬಗ್ಗಿದ್ದ ಬೆನ್ನು ಬೀಳಲಿಲ್ಲ.

ಅಂದು ಅಮ್ಮ ಮಾತೆ ಮರಿಯಮ್ಮನಿಗೆ, ನಮ್ಮ ಸಾಯ್ಬಿಣ್ ಮಾಯ್‌ಗೆ, ಮೇಣದಬತ್ತಿ ಹಚ್ಚಿದಳು, ಅಪ್ಪನಿಗೆ ಭೂಮಿ ಸಿಕ್ಕಿತೆಂದು.

ಅವಳ ಹೊಟ್ಟೆಯ ಕತೆ ಹೇಳುತ್ತೇನೆ, ಕೇಳಿಸಿಕೊಳ್ಳಿ. ನಾನು ಹುಟ್ಟಿದ್ದು 1961ರಲ್ಲಿ. ನನ್ನ ಜ್ಞಾನಸ್ನಾನಕ್ಕೆ ನನ್ನ ಅಮ್ಮ ಇರಲಿಲ್ಲ, ಹಸಿ ಬಾಣಂತಿ ಇಗರ್ಜಿಗೆ ಬರುವಂತಿರಲಿಲ್ಲ. ನಲವತ್ತು ದಿನ ಕಳೆದ ಮೇಲೆ ಇಗರ್ಜಿಯ ಹೊಸ್ತಿಲ ಹೊರಗೆ ಉರಿಯುವ ಮೇಣದಬತ್ತಿ ಹಿಡಿದು ಮೊಣಕಾಲೂರಬೇಕು. ಪಾದ್ರಿ ಬಂದು ತೀರ್ಥ ಚಿಮುಕಿಸಿ, ತನ್ನ ಕೊರಳ ಪಟ್ಟಿಯ ತುದಿಯನ್ನು ಕೈಗೆ ಕೊಟ್ಟು ಒಳಗೆ ಕರೆದೊಯ್ಯಬೇಕು. ಅದು ದೇವರಿಗೆ ಕೃತಜ್ಞತೆ ಹೇಳುವ ವಿಧಿ ಎಂದು ಪುಸ್ತಕದಲ್ಲಿದೆ. ಊರಿಗೆಲ್ಲ ಅದು ಮೈಲಿಗೆ ಕಳೆಯುವ ಶಾಸ್ತ್ರ, ಅಮ್ಮನಿಗೂ ಹಾಗೆಯೇ ಅನಿಸಿತ್ತು. ನನ್ನನ್ನು ಹೆತ್ತದ್ದಕ್ಕೆ ಅವಳು ಬಾಗಿಲಲ್ಲಿ ಮಂಡಿಯೂರಿದಳು. ನನ್ನನ್ನು ಹುಟ್ಟಿಸಿದವರು ನೆಟ್ಟಗೆ ನಡೆದು ಒಳಗೆ ಹೋಗಿ ಕೂತಿದ್ದರು.

ಆರನೆಯ ಹೆರಿಗೆಯಲ್ಲಿ ರಕ್ತ ನಿಲ್ಲಲೇ ಇಲ್ಲ. ಇನ್ನೊಂದು ಹೆತ್ತರೆ ಉಳಿಯುವುದಿಲ್ಲ, ಆಪರೇಷನ್ ಮಾಡಿಸಿಕೋ ಎಂದರು ಡಾಕ್ಟರಮ್ಮ. ಅಮ್ಮ ಪಾಪನಿವೇದನೆಯ ಜಾಲರಿಯ ಮುಂದೆ ಕೂತು ಅಪ್ಪಣೆ ಕೇಳಿದಳು. ಸಿಗಲಿಲ್ಲ. ಪೋಪ್ ಆರನೇ ಪೌಲ್ 1968ರ ಜುಲೈಯಲ್ಲಿ ‘ಹ್ಯುಮಾನೆ ವಿಟೆ’ ಪತ್ರ ಹೊರಡಿಸಿ ಕೃತಕ ಸಂತಾನ ನಿಯಂತ್ರಣವನ್ನೂ ಸಂತಾನಹರಣ ಚಿಕಿತ್ಸೆಯನ್ನೂ ನಿಷೇಧಿಸಿದ್ದರು. ರೋಮಿನದೇ ಆಯೋಗದ ಬಹುಮತ ಬೇರೆ ಅಭಿಪ್ರಾಯ ಕೊಟ್ಟಿತ್ತು, ಅದನ್ನು ಪಕ್ಕಕ್ಕಿಟ್ಟರು. ಒಂದು ದಿನವೂ ಮಗುವಿನ ಬಟ್ಟೆ ತೊಳೆಯದ ಗಂಡಸರು ಬೆಳ್ತಂಗಡಿಯ ಗದ್ದೆಯಲ್ಲಿ ದುಡಿಯುವವಳ ಗರ್ಭದ ಮೇಲೆ ತೀರ್ಪು ಬರೆದರು. ಅಮ್ಮ ಆ ಮೇಲೆ ಎರಡು ಹೆತ್ತಳು. ಬದುಕಿದಳು, ನಿಜ. ಬೇಲಿಯ ಹಿಂದೆ ನಿಂತು ಸೆರಗಿನಿಂದ ಹೊಟ್ಟೆ ಬಿಗಿದು ಕಟ್ಟಿಕೊಂಡು ಮತ್ತೆ ಗದ್ದೆಗಿಳಿಯುತ್ತಿದ್ದುದನ್ನು ನಾನು ಕಂಡಿದ್ದೇನೆ.

ಪವಿತ್ರ ಗುರುವಾರ ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ಆಗ ಹನ್ನೆರಡೂ ಗಂಡಸರೇ. ಒಂದು ವರ್ಷ ಅಪ್ಪನನ್ನು ಕರೆದರು. ಅಮ್ಮ ಮುಂಡಿಗೆ ನೀಲಿ ಹಾಕಿ ಇಸ್ತ್ರಿ ಮಾಡಿ ಕೊಟ್ಟು, ತಾನು ಕಂಬದ ಮರೆಯಲ್ಲಿ ಚಾಪೆಯ ಮೇಲೆ ಕೂತಳು. ನಾನು ಅವಳ ಪಾದ ನೋಡುತ್ತಿದ್ದೆ. ಬೆರಳ ಸಂದಿಯಲ್ಲಿ ಕೆಸರುಹುಣ್ಣಿನ ಬಿಳಿ ಕಲೆ. ಹಿಮ್ಮಡಿಯ ಬಿರುಕಿನಲ್ಲಿ ಗೇರೆಣ್ಣೆ ಕಪ್ಪಗೆ ಇಳಿದಿತ್ತು. ಆ ಇಡೀ ಇಗರ್ಜಿಯಲ್ಲಿ ತೊಳೆಯಲೇಬೇಕಾದ ಕಾಲು ಯಾವುದಾದರೂ ಇದ್ದರೆ ಅವೆರಡು. ಹೆಂಗಸರ ಪಾದವನ್ನೂ ತೊಳೆಯಬಹುದು ಎಂದು ರೋಮ್ ಆದೇಶ ಹೊರಡಿಸಿದ್ದು 2016ರಲ್ಲಿ, ಪೋಪ್ ಫ್ರಾನ್ಸಿಸರ ಕಾಲಕ್ಕೆ. ಅಷ್ಟರಲ್ಲಿ ಅಮ್ಮನಿಗೆ ಕೋಲಿಲ್ಲದೆ ಹೊಸ್ತಿಲು ದಾಟಲು ಆಗುತ್ತಿರಲಿಲ್ಲ.

ಇದು ನಮ್ಮೂರಿನ ರೋಗ ಮಾತ್ರ ಎನ್ನಬೇಡಿ. ಸ್ಪೇನಿನಲ್ಲಿ ಇಸಿದೋರನೆಂಬ ಬೇಸಾಯಗಾರನಿದ್ದ, ರೈತರ ಪಾಲಕ ಸಂತ. ಅವನ ಹೆಂಡತಿ ಮರಿಯ ಕೂಡ ಭಕ್ತೆ. ಮಳೆ ಬಾರದಾಗ ಅವಳ ತಲೆಬುರುಡೆಯನ್ನು ಮೆರವಣಿಗೆಯಲ್ಲಿ ಹೊತ್ತು ಮಳೆ ಬೇಡಿದರು. ಗಂಡನಿಗೆ 1622ರಲ್ಲಿ ಸಂತ ಪದವಿ. ಹೆಂಡತಿಯನ್ನು 1697ರಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಪುನೀತೆ ಎಂದು ಸಾರಿದರು. ಇವತ್ತಿಗೂ ಅಲ್ಲೇ ನಿಲ್ಲಿಸಿದ್ದಾರೆ. ಒಕ್ಕಲು ಹೆಂಗಸಿನ ಬುರುಡೆಯಿಂದ ಮಳೆ ಬೇಕು, ಅವಳು ಗಂಡನ ಸಮಕ್ಕೆ ನಿಲ್ಲುವುದು ಬೇಡ.

ಇನ್ನು ಈ ದೇಶದ ಕಾನೂನು. 1869ರ ವಿಚ್ಛೇದನ ಕಾಯ್ದೆಯಲ್ಲಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಿತ್ತು. ಹೆಂಡತಿಗೆ ವ್ಯಭಿಚಾರವೊಂದೇ ಸಾಲದು, ಜೊತೆಗೆ ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ಸಾಬೀತು ಮಾಡಬೇಕು. ಅದನ್ನು ತಿದ್ದಲು 2001 ಬರಬೇಕಾಯಿತು. ಆಸ್ತಿಯ ಮಾತಿಗೆ ಬಂದರೆ, ನನ್ನ ತಮ್ಮ ಗಲ್ಫಿನಲ್ಲಿ ತೀರಿಕೊಂಡ. ಮದುವೆಯಾಗಿರಲಿಲ್ಲ. ಊರಲ್ಲಿ ಮನೆ ಕಟ್ಟಲು ಹತ್ತು ಸೆಂಟ್ಸ್ ಕೊಂಡಿಟ್ಟಿದ್ದ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 42ನೇ ಕಲಮು ನೋಡಿ: ಹೆಂಡತಿ ಮಕ್ಕಳಿಲ್ಲದೆ, ಉಯಿಲು ಬರೆಯದೆ ಸತ್ತ ಮಗನ ಆಸ್ತಿ ತಂದೆಗೆ. ತಂದೆ ಬದುಕಿದ್ದರೆ ತಾಯಿಗೆ ಬಿಡಿಗಾಸಿಲ್ಲ. ರಕ್ತ ಹರಿಸಿ ಹೆತ್ತವಳು ಮಗನ ಜಾಗಕ್ಕೆ ಪರಕೀಯಳು! ವಿಧಾನಸೌಧದಲ್ಲಿ, ಸಂಸತ್ತಿನಲ್ಲಿ ಕೂತ ಯಾವ ಕ್ರೈಸ್ತ ಮುಖಂಡನ ನಿದ್ದೆಯನ್ನಾದರೂ ಇದು ಕೆಡಿಸಿದೆಯೇ?

ಅಪ್ಪ ಹೋದ ಮೇಲೆ ಕಾನೂನು ಅಮ್ಮನ ಕಡೆಗೆ ತಿರುಗಿತು. ವಿಧವೆಗೆ ಮೂರನೇ ಒಂದು ಪಾಲು, ಉಳಿದದ್ದರಲ್ಲಿ ಗಂಡು ಹೆಣ್ಣು ಮಕ್ಕಳಿಗೆಲ್ಲ ಸಮಪಾಲು. ಕೇರಳದಲ್ಲಿ ಹಾಗಿರಲಿಲ್ಲ: ತಿರುವಾಂಕೂರಿನ ಕಾಯ್ದೆ ಕ್ರೈಸ್ತ ಹೆಣ್ಣುಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ 5000 ರೂಪಾಯಿ, ಯಾವುದು ಕಡಿಮೆಯೋ ಅಷ್ಟನ್ನೇ ಕೊಡುತ್ತಿತ್ತು. ಅಲ್ಲಿನ ಮೇರಿ ರಾಯ್ ಎಂಬ ಹೆಣ್ಣುಮಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಅದನ್ನು ಮುರಿದರು. ನಮಗೆ ಮುರಿಯುವುದಕ್ಕೆ ಅಂಥ ಕಾನೂನೇ ಇರಲಿಲ್ಲ. ಇದ್ದದ್ದು ಅಣ್ಣಂದಿರು. ಮದುವೆಯಲ್ಲಿ ದೋತ್, ವರದಕ್ಷಿಣೆ, ಕೊಟ್ಟಾಯಿತಲ್ಲ, ಇನ್ನೆಂಥ ಪಾಲು ಎಂದರು. ಅಮ್ಮನನ್ನು ಬಾಡಿಗೆ ಕಾರಿನಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದರು. ಅಕ್ಕತಂಗಿಯರು ಸಹಿ ಹಾಕಿದರು. ನಾನು ಹಾಕಲಿಲ್ಲ. ದಾವೆ ಹೂಡಿದೆ.

ದಾವೆ ಹೂಡಿದ ವರ್ಷ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ನಮ್ಮ ತೆನೆಹಬ್ಬಕ್ಕೆ, ನನಗೆ ಹೊಸ ಅಕ್ಕಿ ಬರಲಿಲ್ಲ. ಆಶೀರ್ವದಿಸಿದ ತೆನೆಯ ಅಕ್ಕಿಯನ್ನು ದೂರದ ಮಕ್ಕಳಿಗೂ ಅಂಚೆಯಲ್ಲಿ ಕಳಿಸುವ ಜನ ನಾವು. ಅಮ್ಮ ನೆಟ್ಟು ಬೆಳೆಸಿದ ಗದ್ದೆಯ ಕಾಳು ದುಬೈಗೆ ಹೋಯಿತು. ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಲ್ಲಿರುವ ನನ್ನ ಮನೆಗೆ ಬರಲಿಲ್ಲ.

ಅಮ್ಮನ ತಿಂಗಳ ಪೂಜೆ ಕಳೆದ ಮೇಲೆ ಪಾದ್ರಿಗಳು ಮನೆಗೆ ಬಂದರು. ಅಮ್ಮನ ಆತ್ಮಕ್ಕೆ ಶಾಂತಿ ಬೇಕಾದರೆ ಅಣ್ಣಂದಿರನ್ನು ಕ್ಷಮಿಸಬೇಕು, ಕೋರ್ಟಿನಿಂದ ಕೇಸು ಹಿಂದಕ್ಕೆ ತೆಗೆದುಕೊಳ್ಳಮ್ಮಾ ಎಂದರು. ನಾನು ಹೇಳಿದೆ: “ಫಾದರ್, ಬರುವ ಭಾನುವಾರ ಪ್ರಸಂಗದಲ್ಲಿ ಹೆಂಡತಿಯ ಪಾಲೆಷ್ಟು, ಹೆಣ್ಣುಮಕ್ಕಳ ಪಾಲೆಷ್ಟು ಎಂದು ಮೈಕಿನಲ್ಲಿ ಓದಿ. ಕಂಬದ ಮರೆಯಲ್ಲಿ ಕೂತವರಿಗೂ ಕೇಳುವ ಹಾಗೆ ಓದಿ. ಆಮೇಲೆ ಕ್ಷಮೆಯ ಮಾತಾಡುವ.”

ಅವರು ಎದ್ದು ಹೋದರು. ಎಷ್ಟೋ ಭಾನುವಾರಗಳು ಕಳೆದವು, ಅವರಿನ್ನೂ ಓದಿಲ್ಲ. ದಾವೆ ನಡೆಯುತ್ತಿದೆ.